ಬಸ್ ಬೋರ್ಡು ಓದಿಸುತ್ತಿದ್ದ ತಿಪ್ಪೇರುದ್ರಪ್ಪ

ತಿಪ್ಪೇರುದ್ರಪ್ಪನವರು ಬಸ್ಸಿನ ಬೋರ್ಡು ಓದಿಸದೆ ಯಾರಿಗೂ ಕನ್ನಡಕ ಕೊಟ್ಟವರಲ್ಲ.

ಹಿರಿಯೂರಿನ ಖಾಸಗಿ ಬಸ್ ನಿಲ್ದಾಣದ ಎದುರು, ಒಂದು ಬೇಕರಿಗೂ ಒಂದು ಬಿತ್ತನೆ ಬೀಜದ ಅಂಗಡಿಗೂ ನಡುವೆ ಸಿಕ್ಕಿಕೊಂಡಂತಿದ್ದ ಅಂಗಡಿ ಅವರದು. ರಸ್ತೆಯಿಂದ ಮೂರು ಮೆಟ್ಟಿಲು ಹತ್ತಬೇಕು. ಒಳಗೆ ಎಲ್ಲ ಕನ್ನಡಕದ ಅಂಗಡಿಗಳಲ್ಲಿ ಇರುವಂತೆಯೇ ದೀಪ ಹೊತ್ತಿಸಿದ ಅಕ್ಷರಗಳ ಬೋರ್ಡು, ಎತ್ತರದ ಕುರ್ಚಿ, ಗಾಜಿನ ಬಿಲ್ಲೆಗಳ ಮರದ ಪೆಟ್ಟಿಗೆ. ದುಂಡನೆಯ ಲೋಹದ ಚೌಕಟ್ಟೊಂದನ್ನು ಮೂಗಿನ ಮೇಲೆ ಕೂರಿಸಿ, ಅದರೊಳಗೆ ಒಂದೊಂದೇ ಬಿಲ್ಲೆ ಹಾಕಿ ತೆಗೆದು, ‘ಇದಾ, ಇದಾ? ಮೊದಲಿಂದಾ, ಈಗಿಂದಾ?’ ಎಂದು ಕೇಳಿ ಮುಗಿಸಿದರೆ ಬೇರೆಯವರ ಕೆಲಸ ಅಲ್ಲಿಗೆ ಮುಗಿಯುತ್ತದೆ. ಇವರದು ಅಲ್ಲಿಂದ ಶುರು. ಆ ಗೂಬೆಕಣ್ಣಿನ ಚೌಕಟ್ಟನ್ನು ತೆಗೆಯದೆ, ಗಿರಾಕಿಯನ್ನು ತೋಳು ಹಿಡಿದು ಹೊರಗೆ ಕರೆತಂದು, ಮೇಲಿನ ಮೆಟ್ಟಿಲ ಮೇಲೆ ನಿಲ್ಲಿಸುತ್ತಿದ್ದರು.

“ಬರ್ರಿ, ಈಗ ಊರು ನೋಡಾಣ. ಆ ಗಾಡಿ ಎಲ್ಲಿಗೋಗ್ತೈತೆ ಓದ್ರಿ.”

ನಿಲ್ದಾಣದಿಂದ ಒಂದೊಂದೇ ಬಸ್ಸು ತಿರುವು ತೆಗೆದುಕೊಂಡು ಹೊರಬರುತ್ತಿತ್ತು. ಧರ್ಮಪುರ, ಹುಳಿಯಾರು, ಚಳ್ಳಕೆರೆ. ಹೊಸದುರ್ಗ ಮತ್ತು ಚಿತ್ರದುರ್ಗದ ಬಸ್ಸುಗಳೆಂದರೆ ಅವರಿಗೆ ವಿಶೇಷ ಪ್ರೀತಿ. “ದುರ್ಗ ಎಲ್ಲರಿಗೂ ಕಾಣ್ತೈತೆ ಗೌಡ್ರೇ, ಯಾವ ದುರ್ಗ ಹೇಳ್ರಿ,” ಅನ್ನುತ್ತಿದ್ದರು. ಎದುರಿನ ಹೂವಿನ ಸಾಲಿನವರಿಗೆ ದಿನವಿಡೀ ಇದೇ ತಮಾಷೆ. “ಏನ್ ಗೌಡ್ರೇ, ವಿಮಾನ ಓಡ್ಸಾಕೆ ಹೊಂಟಿರಾ?” ಎಂದು ಅಲ್ಲಿಂದಲೇ ಕೂಗುವರು. ಗೌಡರು ನಾಚಿ ಚೌಕಟ್ಟಿಗೆ ಕೈ ಹಾಕಿದರೆ ತಿಪ್ಪೇರುದ್ರಪ್ಪ ಆ ಕೈ ಮೇಲೆ ಮೆಲ್ಲಗೆ ಏಟು ಕೊಡುವರು. “ನಗ್ಲಿ ಬಿಡ್ರಿ. ಆ ಯಮ್ಮ ಹೋದ ವಾರ ಇಲ್ಲೇ ನಿಂತು ಧರ್ಮಪುರದ್ದನ್ನ ಚಳ್ಳಕೆರೆ ಅಂದೈತೆ.”

ಒಮ್ಮೆ ನಾನು ಕೇಳಿದ್ದೆ, ಒಳಗಿನ ಬೋರ್ಡು ಸಾಲದೇ ಎಂದು. “ಒಳಗಿಂದು ನನ್ನ ಸಾಮಾನು ಕಣವ್ವ. ಅದನ್ನ ಓದಿ ಅವರಿಗೇನಾಗಬೇಕು? ಅವರು ಓದಬೇಕಾಗಿರೋದು ಹೊರಗೈತೆ.”

ಹತ್ತಿರದ ನೋಟಕ್ಕೂ ಅವರದೇ ಪದ್ಧತಿಯಿತ್ತು. ಆಂಧ್ರದ ಗಡಿ ಕಡೆಯಿಂದ, ಧರ್ಮಪುರದ ಸುತ್ತಲಿಂದ ಬರುವ ಹೆಂಗಸರಿಗೆ ಅಕ್ಷರದ ಕಾರ್ಡು ಕೊಡುತ್ತಿರಲಿಲ್ಲ. ಸ್ಟೀಲಿನ ತಟ್ಟೆಯಲ್ಲಿ ಶೇಂಗಾ ಬೀಜ, ಅದರೊಳಗೆ ಅದೇ ಬಣ್ಣದ ಸಣ್ಣ ಕಲ್ಲು. “ಆರಿಸವ್ವ,” ಅಷ್ಟೆ. ಎಲ್ಲ ಕಲ್ಲೂ ಬೇರೆಯಾದರೆ ನಂಬರು ಸರಿ. ಆ ಹೆಂಗಸರು ಅವರನ್ನು ‘ಅದ್ದಾಲ ಸ್ವಾಮಿ’ ಎಂದು ಕರೆಯುತ್ತಿದ್ದರು; ಅವರ ಮನೆಮಾತು ತೆಲುಗಿನಲ್ಲಿ ಅದ್ದಾಲು ಎಂದರೆ ಕನ್ನಡಕ. ತಿಪ್ಪೇರುದ್ರಪ್ಪನವರ ಸ್ವಂತದ ಅದ್ದಾಲು ಮಾತ್ರ ಮೂಗಿನ ಮೇಲೆ ಕೂತಿದ್ದನ್ನು ನಾನು ಕಂಡದ್ದು ಕಡಿಮೆ. ಯಾವಾಗಲೂ ಹಣೆಯ ಮೇಲೆ, ವಿಭೂತಿಗೆ ಒತ್ತಿಕೊಂಡು. ಬೆಳಿಗ್ಗೆ ಮೂರಿದ್ದ ಪಟ್ಟೆ ಸಂಜೆಯ ಹೊತ್ತಿಗೆ ಎರಡಾಗಿರುತ್ತಿತ್ತು.

ಇಷ್ಟನ್ನು ನಾನು ಧೈರ್ಯವಾಗಿ ಬರೆಯಬಲ್ಲೆ, ಏಕೆಂದರೆ ಇದು ಒಂದು ದಿನ ಕಂಡದ್ದಲ್ಲ, ವರ್ಷಗಟ್ಟಲೆ ಕಂಡದ್ದು. ಮುಂದೆ ಹೇಳಲಿರುವುದರಲ್ಲಿ ಒಂದೊಂದೇ ದಿನದ ಸಂಗತಿಗಳಿವೆ. ಅವುಗಳ ಬಗ್ಗೆ ನನಗೆ ಅಷ್ಟು ಧೈರ್ಯವಿಲ್ಲ. ಪದವಿ ಓದುವಾಗಿನಿಂದ ದಿನಚರಿ ಬರೆಯುತ್ತಿದ್ದೇನೆ. ನನ್ನ ನೆನಪೂ ದಿನಚರಿಯೂ ಎಷ್ಟು ಸಲ ಜಗಳವಾಡಿವೆ ಎಂಬುದು ನನಗೇ ಗೊತ್ತು. ಜಗಳ ಬಂದಲ್ಲಿ ಎರಡನ್ನೂ ಹೇಳುತ್ತೇನೆ.

ಮೊದಲ ಸಂಗತಿ ನನಗೆ ಹದಿನೆಂಟು ವರ್ಷವಿದ್ದಾಗಿನದು. ನಂಬರು ಪ್ರತಿ ವರ್ಷ ಏರುತ್ತಿತ್ತು. ಅವ್ವ ಜೊತೆಗೆ ಬಂದಿದ್ದಳು. ಆಗಿನ್ನೂ ಅವಳು ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಹೊಸ ಬಿಲ್ಲೆ ಹಾಕಿ ಮೆಟ್ಟಿಲ ಮೇಲೆ ನಿಲ್ಲಿಸಿದರು. ಬಸ್ಸೊಂದು ತಿರುವಿನಲ್ಲಿ ಮೂತಿ ಹಾಕಿತು.

“ಹೊಸದುರ್ಗ,” ಅಂದೆ, ಥಟ್ಟನೆ.

“ನೋಡಿ ಹೇಳು.”

“ಹೊಸದುರ್ಗ. ಕಾಣ್ತೈತಲ್ಲ.”

ತಿಪ್ಪೇರುದ್ರಪ್ಪ ಅವ್ವನ ಕಡೆ ತಿರುಗಿದರು. “ಮೇಡಮ್ಮಾರೆ, ನಿಮ್ಮ ತವರು ಯಾವ ಕಡೆಗಾತು?”

“ಬಾಗೂರು. ಹೊಸದುರ್ಗದಿಂದ ಮುಂದೆ.”

“ಅದಕ್ಕೇ!” ಎಂದು ತೊಡೆ ತಟ್ಟಿಕೊಂಡರು. “ಹತ್ತೂಕಾಲಿಗೆ ಹೊಸದುರ್ಗದ ಗಾಡಿ ಬರ್ತೈತೆ ಅಂತ ಇವಳಿಗೆ ತೊಟ್ಟಿಲಾಗೇ ಗೊತ್ತೈತೆ. ಅದು ಹುಳಿಯಾರಿಂದು ಕಣವ್ವ. ಹೊಸದುರ್ಗದ್ದು ಪಂಚರಾಗಿ ಒಳಗೇ ನಿಂತೈತೆ. ನೀನು ಕಣ್ಣಾಗೆ ಓದ್ಲಿಲ್ಲ, ಗಡಿಯಾರದಾಗೆ ಓದಿದ್ದು.”

ಹೂವಿನ ಸಾಲಿನವರಿಗೆ ಕೇಳುವಷ್ಟು ಜೋರಾಗಿ ಹೇಳಿದರು. ನನಗೆ ಅಳು ಬಂತು. ನಾನು ಸುಳ್ಳು ಹೇಳಿರಲಿಲ್ಲ. ಆ ಬೋರ್ಡಿನ ಮೇಲೆ ಹೊಸದುರ್ಗ ಎಂಬ ಅಕ್ಷರಗಳನ್ನು ನಾನು ನಿಜವಾಗಿ ಕಂಡಿದ್ದೆ. ಈಗಲೂ ಕಣ್ಣು ಮುಚ್ಚಿದರೆ ಕಾಣುತ್ತವೆ. ಇಲ್ಲದ್ದನ್ನು ಅಷ್ಟು ಚೆನ್ನಾಗಿ ಕಂಡ ಮೇಲೆ ನನ್ನ ನೆನಪನ್ನು ನಾನು ಪೂರ್ತಿ ನಂಬಿದ್ದಿಲ್ಲ.

ನಮ್ಮೂರಿನವರೆಲ್ಲ ಮಾಡುವ ತಪ್ಪೇ ಅದು ಎಂದು ಅವರು ಆಮೇಲೆ ಸಮಾಧಾನ ಹೇಳಿದರು. ನಮ್ಮಲ್ಲಿ ಬಸ್ಸನ್ನು ಯಾರು ಓದುತ್ತಾರೆ? ಹೊತ್ತು ನೋಡಿ, ಹಾರನ್ನು ಕೇಳಿ, ಡ್ರೈವರನ ಮೀಸೆ ನೋಡಿ ಹತ್ತುತ್ತಾರೆ. “ಅರ್ಧ ತಾಲ್ಲೂಕಿಗೆ ಕಣ್ಣು ಹೋದ್ರೂ ಗೊತ್ತಾಗಲ್ಲ. ಅಷ್ಟು ಚೆನ್ನಾಗಿ ಬಸ್ಸು ಓಡ್ತವೆ.”

ಅವರು ಸರ್ಕಾರಿ ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ಬಹಳ ವರ್ಷ ಸಹಾಯಕರಾಗಿದ್ದು, ಸ್ವಯಂ ನಿವೃತ್ತಿ ಪಡೆದು ಅಂಗಡಿ ಇಟ್ಟವರು. ಡಾಕ್ಟರಲ್ಲ, ಡಾಕ್ಟರೆಂದು ಯಾರಾದರೂ ಕರೆದರೆ ರೇಗುತ್ತಿದ್ದರು. ಆದರೆ ಕಣ್ಣಿನ ಲೋಕದಲ್ಲಿ ಹೊಸದಾಗಿ ಏನು ಬಂದರೂ ಮೊದಲು ಅವರಿಗೆ ಗೊತ್ತಾಗಬೇಕು. ಅದರಲ್ಲೂ ಲೇಸರ್ ಎಂದರೆ ಪ್ರಾಣ. ಫೋನಿನಲ್ಲಿ ಶಸ್ತ್ರಚಿಕಿತ್ಸೆಯ ವಿಡಿಯೋಗಳನ್ನು ಇಟ್ಟುಕೊಂಡು, ಗಿರಾಕಿಗಳಿಗೆ ಬೇಕೋ ಬೇಡವೋ, ತೋರಿಸುತ್ತಿದ್ದರು. ತಿಂಡಿ ತಿಂದು ಬಂದವರು ಮುಖ ತಿರುಗಿಸಿದರೆ ಅವರಿಗೇ ಬೇಜಾರು.

“ನಾನು ಕೆಲಸಕ್ಕೆ ಸೇರ್ದಾಗ ಕಣ್ಣಿನ ಮೇಲ್ಪದರನ ಬ್ಲೇಡಾಗೆ ಕೊಯ್ದು ಮುಚ್ಚಳ ಎತ್ತುತಾರೆ, ಕೆಳಗೆ ಲೇಸರ್ ಬಿಡ್ತಾರೆ ಅಂತಿದ್ರು. ಆಮೇಲೆ ಬ್ಲೇಡು ಹೋತು, ಮುಚ್ಚಳ ಕೊಯ್ಯಾಕೂ ಲೇಸರ್ರೇ ಬಂತು. ಈಗ ನೋಡ್ರಿ, ಮುಚ್ಚಳನೇ ಇಲ್ಲ! ಒಳಗೇ ಒಂದು ತೆಳ್ಳನ ಬಿಲ್ಲೆ ಬಿಡಿಸ್ತೈತೆ, ಪಕ್ಕದಾಗೆ ಅಕ್ಕಿಕಾಳಷ್ಟು ಕಿಂಡಿ, ಅದರಾಗಿಂದ ಬಿಲ್ಲೆ ಎಳ್ಕಂತಾರೆ. ಕಣ್ಣು ಅಲ್ಲಾಡಿದ್ರೆ ಮಷೀನು ತಾನೇ ನಿಲ್ತೈತೆ. ನಾನು ಕುಂತು ಟೀವಿಯಾಗೆ ನೋಡಿದೀನಿ, ನಮ್ಮ ಲತಂದು. ಲೇಸರ್ ಕೆಲಸ ಒಂದು ನಿಮಿಷ ಇಲ್ಲ. ನಾನು ಲೋಟದಾಗಿನ ಚಾ ಕುಡಿಯೋದ್ರೊಳಗೆ ಒಂದು ಕಣ್ಣು ಮುಗೀತು.”

ಲತಾ ಅವರ ಮಗಳು. ಕಣ್ಣು ಪರೀಕ್ಷೆಯ ಪದವಿಯನ್ನೇ ಓದಿದವಳು. ಅವಳ ಶಸ್ತ್ರಚಿಕಿತ್ಸೆ ಆದ ಮೇಲೆ ಅವಳ ಹಳೇ ಕನ್ನಡಕವನ್ನು ಗಾಜಿನ ಕಪಾಟಿನಲ್ಲಿ ಇಟ್ಟು, ಕಾಲಿಗೆ ದಾರ ಕಟ್ಟಿ, ಹೆಸರು ಮತ್ತು ವರ್ಷ ಬರೆದ ಚೀಟಿ ನೇತುಹಾಕಿದರು. ನಂತರ ಅವರು ಕಳಿಸಿ ಲೇಸರ್ ಮಾಡಿಸಿಕೊಂಡು ಬಂದವರೆಲ್ಲ ತಮ್ಮ ಕನ್ನಡಕ ತಂದು ಅಲ್ಲಿಡಬೇಕು. ‘ರಿಟೈರಾದೋರು’ ಎಂದು ಆ ಕಪಾಟಿಗೆ ಹೆಸರು. “ಹಿಂಗೇ ಎಲ್ಲರನ್ನೂ ಕಳಿಸ್ತಿದ್ರೆ ನಿಮ್ಮ ಅಂಗಡಿ ಗತಿ?” ಎಂದು ಪಕ್ಕದ ಬೀಜದಂಗಡಿಯವರು ಕೇಳಿದ್ದಕ್ಕೆ, “ಮುಚ್ಚಿದ್ರೆ ಮುಚ್ಚಲಿ. ನಮ್ಮ ಅಂಗಡಿ ಮುಚ್ಚಿಸೋ ಮಷೀನು, ಆದ್ರೆ ಭಾಳ ಚೆನ್ನಾಗೈತೆ!” ಅಂದಿದ್ದರು. ಆ ಹಿಗ್ಗು ನಟನೆಯಾಗಿರಲಿಲ್ಲ.

ಇಂಥ ಮನುಷ್ಯ ನನಗೆ ಮಾತ್ರ ಲೇಸರ್ ಬೇಡ ಅಂದರು.

ಆಗ ನನಗೆ ಇಪ್ಪತ್ತಾರು. ಎಂ.ಎ. ಮುಗಿದಿತ್ತು. ಸಬ್ ಇನ್ಸ್‌ಪೆಕ್ಟರ್ ಹುದ್ದೆಗೆ ತಯಾರಿ ನಡೆಸಿದ್ದೆ. ದಿನಾ ಬೆಳಿಗ್ಗೆ ಕಾಲೇಜು ಮೈದಾನದಲ್ಲಿ ಓಟ, ಆಮೇಲೆ ಓದು. ಲಿಖಿತ ಪರೀಕ್ಷೆಯ ಭಯವಿರಲಿಲ್ಲ. ಓಟದ ಭಯವೂ ಹೋಗಿತ್ತು. ಉಳಿದಿದ್ದು ವೈದ್ಯಕೀಯ ಪರೀಕ್ಷೆ. ಅಲ್ಲಿ ಕನ್ನಡಕವಿಲ್ಲದೆ ಓದಬೇಕು. ಕನ್ನಡಕ ತೆಗೆದರೆ ನನಗೆ ಬೋರ್ಡಲ್ಲ, ಬಸ್ಸೇ ಮಬ್ಬು. ಹಾಗಾಗಿ ಲೇಸರ್ ಎನ್ನುವುದು ನನಗೆ ಚೆಂದದ ಪ್ರಶ್ನೆಯಾಗಿರಲಿಲ್ಲ, ಬಾಗಿಲಾಗಿತ್ತು. ಆಸ್ಪತ್ರೆಗೆ ಹೋಗುವ ಮುನ್ನ ಈಗಿನ ನಂಬರು ಬರೆಸಿಕೊಳ್ಳೋಣ ಎಂದು ಅವರಲ್ಲಿಗೆ ಹೋದೆ, ಹರಸಿ ಕಳಿಸುತ್ತಾರೆಂಬ ಖಾತರಿಯಲ್ಲಿ.

ಅವರು ದೀಪ ಆರಿಸಿ, ರೆಟಿನೋಸ್ಕೋಪ್ ಎಂಬ ಕೈಯಲ್ಲಿ ಹಿಡಿಯುವ ಬೆಳಕಿನ ಉಪಕರಣ ತೆಗೆದುಕೊಂಡು, ಎದುರು ಕೂತು, ನನ್ನ ಕಣ್ಣಿನೊಳಕ್ಕೆ ಬೆಳಕಿನ ಪಟ್ಟಿ ಬಿಟ್ಟು ಆಚೀಚೆ ಆಡಿಸಿದರು. ಬಲಗಣ್ಣು ಬೇಗ ಮುಗಿಯಿತು. ಎಡಗಣ್ಣಿನ ಮುಂದೆ ಬಹಳ ಹೊತ್ತು ಕೂತರು. ಹಣೆಯ ಮೇಲಿದ್ದ ಕನ್ನಡಕವನ್ನು ಇಳಿಸಿ ಮೂಗಿನ ಮೇಲೆ ಕೂರಿಸಿಕೊಂಡದ್ದು ಆಗಲೇ.

“ಗಿರಿಜಾ, ಅಕ್ಷರದ ಕೆಳಗೆ ನೆರಳು ಕಾಣ್ತೈತಾ ನಿನಗೆ? ಒತ್ತಕ್ಷರ ಬರ್ದಂಗೆ?”

ಕಾಣುತ್ತಿತ್ತು. ಆರು ತಿಂಗಳಿಂದ, ಎಡಗಣ್ಣಲ್ಲಿ ಓದಿದರೆ, ಒತ್ತಿಲ್ಲದ ಅಕ್ಷರಕ್ಕೂ ಒತ್ತು ಬಂದಂತೆ ಕೆಳಗೊಂದು ನೆರಳು ಇಳಿಯುತ್ತಿತ್ತು. “ಇಲ್ಲ,” ಅಂದೆ.

“ಕಣ್ಣು ಉಜ್ತೀಯಾ?”

“ಇಲ್ಲ.”

“ಈಗ ಉಜ್ತಾ ಇದೀಯಲ್ಲೇ! ಅದೇನು ಹಿತ್ತಾಳೆ ಚೊಂಬಾ, ಹಂಗೆ ತಿಕ್ಕಾಕೆ?” ಎಂದು ಕೈ ಹಿಡಿದು ಕೆಳಗಿಳಿಸಿದರು. ಆಮೇಲೆ ಧ್ವನಿ ತಗ್ಗಿಸಿ ಹೇಳಿದರು: “ನೋಡವ್ವ, ಒಳ್ಳೇ ಕಣ್ಣಾಗೆ ಬೆಳಕು ಒಂದೇ ಪಟ್ಟಿಯಾಗಿ ಸರೀತೈತೆ. ನಿನ್ನ ಎಡಗಣ್ಣಾಗೆ ಕತ್ತರಿ ಬಾಯಿ ಥರ ತೆರ್ಕಂಡು ಮುಚ್ಕಂತೈತೆ. ಮೂರು ವರ್ಷದಿಂದ ನಿನ್ನ ನಂಬರು ಅಡ್ಡಾದಿಡ್ಡಿ ಏರ್ತಾ ಐತೆ. ಕಣ್ಣಿನ ಮುಂದಿನ ಪದರ ತೆಳ್ಳಗಾಗಿ ಉಬ್ತೈತೇನೋ ಅಂತ ನನಗೆ ಅನುಮಾನ. ಲೇಸರ್ ಅಂದ್ರೆ ಆ ಪದರನೇ ಇನ್ನಷ್ಟು ತೆಳ್ಳಗೆ ಮಾಡೋದು. ಇರೋ ಗೋಡೆನೇ ಬಾಗಿರುವಾಗ ಅದರಾಗಿಂದ ಇಟ್ಟಿಗೆ ಕೀಳಾಕೆ ಬರಲ್ಲ.”

“ಲತಾಗೆ ಮಾಡ್ಸಿದ್ರಲ್ಲ?”

“ಲತನ ಕಣ್ಣು ಬ್ಯಾರೆ, ನಿನ್ನ ಕಣ್ಣು ಬ್ಯಾರೆ.”

ಅಷ್ಟಾದ ಮೇಲೆ ನಾನು ಏನು ಹೇಳಿದೆ? ನನ್ನ ನೆನಪಿನಲ್ಲಿ ನಾನು ಸುಮ್ಮನೆ ಎದ್ದು ಬಂದಿದ್ದೇನೆ. ದಿನಚರಿಯಲ್ಲಿ ನನ್ನದೇ ಕೈಬರಹದಲ್ಲಿ ಹೀಗಿದೆ: ‘ಕನ್ನಡಕ ಮಾರುವವರು ಇನ್ನೇನು ಹೇಳುತ್ತಾರೆ ಅಂದೆ. ಅವರ ಮುಖ ಸಣ್ಣದಾಯಿತು. ಆಗಲಿ.’ ಆ ‘ಆಗಲಿ’ಯನ್ನು ಓದಿದಾಗಲೆಲ್ಲ ಪುಟ ಮಗುಚಿಬಿಡುತ್ತೇನೆ.

ಮುಖ ಸಣ್ಣದಾದರೂ ಅವರು ಬಿಡಲಿಲ್ಲ. ರಸೀದಿ ಪುಸ್ತಕದ ಹಿಂಬದಿಯಲ್ಲಿ ಏನೋ ಬರೆದು, ಮಡಚಿ, ಮೆಟ್ಟಿಲವರೆಗೂ ಬಂದು ಕೈಗೆ ತುರುಕಿದರು. “ಡಾಕ್ಟರಿಗೆ ಕೊಡು. ಅವರು ಮಾಡಾಣ ಅಂದ್ರೆ ಮಾಡಿಸ್ಕ. ನಾನೇ ಬಂದು ನಿನ್ನ ಕನ್ನಡಕ ಇಸ್ಕಂತೀನಿ.”

ಚೀಟಿಯನ್ನು ಬ್ಯಾಗಿಗೆ ಹಾಕಿಕೊಂಡೆ. ಕೊಡುವ ಮನಸ್ಸಿರಲಿಲ್ಲ.

ಮುಂದಿನ ವಾರ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಅವ್ವನೂ ನಾನೂ ಹೋದೆವು. ಅಕ್ಷರ ಓದಿಸಿದರು, ಕಣ್ಣಿನ ಪದರದ ನಕ್ಷೆ ತೆಗೆದರು. ನಕ್ಷೆ ಎಂದರೆ ನಿಜವಾಗಿ ಬೆಟ್ಟದ ನಕ್ಷೆಯಂತೆ, ನೀಲಿ ಹಸಿರು ಹಳದಿ ಬಣ್ಣಗಳಲ್ಲಿ. ಡಾಕ್ಟರಮ್ಮ ಹಿರಿಯರು, ನಿಧಾನದವರು. ಪರದೆಯನ್ನು ನೋಡುತ್ತಾ, “ಎಡಗಣ್ಣಿನ ಪದರ ಸ್ವಲ್ಪ ತೆಳು. ಗಡಿಯಲ್ಲಿದೆ. ಆದರೆ ಓದುವುದು ಚೆನ್ನಾಗಿ ಓದಿದ್ದೀರಿ, ಕೊನೆ ಸಾಲಿನವರೆಗೂ. ಇತ್ತೀಚೆಗೆ ನಂಬರು ಬದಲಾಗಿದೆಯಾ?” ಎಂದು ಕೇಳಿದರು.

“ಇಲ್ಲ ಮೇಡಂ.”

“ಹಳೇ ಚೀಟಿಗಳು ಏನಾದರೂ?”

“ತಂದಿಲ್ಲ.”

“ಕಣ್ಣು ಉಜ್ಜುವ ಅಭ್ಯಾಸ?”

“ಇಲ್ಲ.”

ಮೂರು ಪ್ರಶ್ನೆ, ಮೂರು ಸುಳ್ಳು. ಡಾಕ್ಟರಮ್ಮ ತಲೆಯಾಡಿಸಿ, ಹಾಗಿದ್ದರೆ ಯೋಚಿಸಬಹುದು ಎಂದರು. ನನಗೆ ಮೈದಾನ ಕಂಡಿತು, ಖಾಕಿ ಕಂಡಿತು. ನನ್ನ ಪಕ್ಕದ ಕುರ್ಚಿಯ ಮೇಲೆ ಬ್ಯಾಗು. ಬ್ಯಾಗಿನ ಬಾಯಿ ಅರ್ಧ ತೆರೆದಿತ್ತು.

ಇಲ್ಲಿ ಮತ್ತೆ ಜಗಳ. ಚೀಟಿಯನ್ನು ನಾನೇ ತೆಗೆದು ಕೊಟ್ಟೆ ಎಂದು ನನ್ನ ನೆನಪು ಹೇಳುತ್ತದೆ. ಕಾಗದದ ಮಡಿಕೆ ಬೆರಳಿಗೆ ತಾಗಿದ್ದು ಕೂಡ ನೆನಪಿದೆ. “ನಿನ್ನ ತಲೆ. ನಾನು ತೆಗ್ದು ಮೇಜಿನ ಮೇಲಿಟ್ಟೆ. ನೀನು ನನ್ನ ಕಾಲು ತುಳಿದೆ,” ಎನ್ನುತ್ತಾಳೆ ಅವ್ವ. ದಿನಚರಿಯ ಆ ದಿನದ ಪುಟ ಖಾಲಿ. ಇಲ್ಲದ ಬೋರ್ಡನ್ನು ಓದಿದವಳು ನಾನು. ಆದ್ದರಿಂದ ಅವ್ವ ಹೇಳುವುದೇ ಸರಿಯಿರಬೇಕು. ಆದರೂ ಆ ಮಡಿಕೆ ಬೆರಳಿಗೆ ತಾಗುತ್ತಲೇ ಇದೆ.

ಯಾರೇ ಕೊಟ್ಟಿರಲಿ, ಡಾಕ್ಟರಮ್ಮ ಓದಿದರು. ಮೇಲೆ ಮೂರು ವರ್ಷದ ನಂಬರುಗಳು, ಒಂದರ ಕೆಳಗೊಂದು. ಎಡಗಣ್ಣಿನ ಬೆಳಕು ಕತ್ತರಿಯಂತೆ ಆಡುತ್ತದೆ ಎಂಬುದು ಇಂಗ್ಲಿಷಿನ ಎರಡು ಪದಗಳಲ್ಲಿ. ಅದರ ಕೆಳಗೆ ದುಂಡಗಿನ ಕನ್ನಡದಲ್ಲಿ ಒಂದು ಸಾಲು. ಅದನ್ನು ಓದಿ ಅವರು ಮೊದಲು ನಕ್ಕರು, ಆಮೇಲೆ ನಗು ನಿಲ್ಲಿಸಿ ನನ್ನನ್ನೇ ನೋಡಿದರು. ಚೀಟಿಯನ್ನು ನನ್ನ ಕಡೆ ತಿರುಗಿಸಿದರು.

‘ಹುಡುಗಿ ನೆನಪಿನಿಂದ ಓದುತ್ತಾಳೆ. ದಯಮಾಡಿ ಅಕ್ಷರದ ಬೋರ್ಡನ್ನು ನಂಬಬೇಡಿ.’

ನಿಜವಿತ್ತು. ಬಲಗಣ್ಣಲ್ಲಿ ಓದುವಾಗಲೇ ಕೊನೆಯ ಸಾಲುಗಳು ಬಾಯಿಪಾಠವಾಗಿದ್ದವು. ಎಡಗಣ್ಣಿಗೆ ಅದನ್ನೇ ಒಪ್ಪಿಸಿದ್ದೆ. ಮೋಸ ಮಾಡಬೇಕೆಂದಲ್ಲ, ಅಥವಾ ಮೋಸ ಮಾಡುತ್ತಿದ್ದೇನೆಂದು ಗೊತ್ತಾಗದಷ್ಟು ಚೆನ್ನಾಗಿ. ಡಾಕ್ಟರಮ್ಮ ಬೋರ್ಡಿನ ಅಕ್ಷರಗಳನ್ನು ಬದಲಾಯಿಸಿದರು. ಎಡಗಣ್ಣು ನಡುವಿನ ಸಾಲಿಗೇ ನಿಂತಿತು. ದೀಪ ಆರಿಸಿ, ತಾವೇ ಕೈಬೆಳಕು ಹಿಡಿದು ನೋಡಿದರು. ನಕ್ಷೆಯನ್ನು ಇನ್ನೊಂದು ಯಂತ್ರದಲ್ಲಿ ತೆಗೆಸಿದರು. ಅದರಲ್ಲಿ ಪದರದ ಹಿಂಭಾಗವೂ ಕಾಣುತ್ತದಂತೆ. ಕೆಳಗಡೆ, ನೆರಳು ಇಳಿಯುವ ಜಾಗದಲ್ಲಿ, ಒಂದು ಕೆಂಪು ಚುಕ್ಕೆ.

“ಕೆರಟೋಕೋನಸ್. ಪದರ ಶಂಕುವಿನಂತೆ ಉಬ್ಬುವ ಕಾಯಿಲೆ. ಇದು ಶುರುವಿನ ಹಂತ,” ಎಂದರು. “ಇದರ ಮೇಲೆ ಲೇಸರ್ ಮಾಡಿದ್ದರೆ ಆರು ತಿಂಗಳೋ ವರ್ಷವೋ ಚೆನ್ನಾಗಿರುತ್ತಿತ್ತು. ಆಮೇಲೆ ಎಡಗಣ್ಣು ನಮ್ಮ ಕೈಮೀರಿ ಹೋಗಬಹುದಿತ್ತು. ಈ ಚೀಟಿ ಬರೆದವರು ಯಾವ ಆಸ್ಪತ್ರೆಯವರು?”

“ಆಸ್ಪತ್ರೆಯಲ್ಲ ಮೇಡಂ, ಹಿರಿಯೂರು ಬಸ್ ಸ್ಟ್ಯಾಂಡಿನ ಎದುರು,” ಎಂದಳು ಅವ್ವ.

ಲೇಸರ್ ಬದಲು ನನಗೆ ಬೇರೊಂದು ಚಿಕಿತ್ಸೆ ಆಯಿತು. ಹಳದಿ ಬಣ್ಣದ ವಿಟಮಿನ್ ಹನಿಯನ್ನು ಮತ್ತೆ ಮತ್ತೆ ಬಿಟ್ಟು, ನೇರಳೆ ಬೆಳಕು ಹಾಯಿಸಿ, ಉಬ್ಬುತ್ತಿದ್ದ ಪದರವನ್ನು ಗಟ್ಟಿಗೊಳಿಸುವುದು. ನಾಲ್ಕು ದಿನ ಕಣ್ಣಿಗೆ ಮರಳು ತುಂಬಿದಂತಿತ್ತು. ಸಬ್ ಇನ್ಸ್‌ಪೆಕ್ಟರ್ ಅರ್ಜಿಯನ್ನು ಹಾಕಲೇ ಇಲ್ಲ. ಎರಡು ತಿಂಗಳು ಮೈದಾನದ ಕಡೆ ಹೋಗಲಿಲ್ಲ, ತಿಪ್ಪೇರುದ್ರಪ್ಪನವರ ಅಂಗಡಿಯ ಕಡೆಯೂ. ಅವರು ಉಳಿಸಿದ್ದು ಕಣ್ಣು ಎಂದು ಗೊತ್ತಿತ್ತು. ಕಳೆದದ್ದು ಏನೆಂಬುದು ಅದಕ್ಕಿಂತ ಚೆನ್ನಾಗಿ ಗೊತ್ತಿತ್ತು.

ಕೊನೆಗೆ ಹೋದಾಗ ಅವರು ನಾನು ಅಂದು ಆಡಿದ ಮಾತನ್ನು ಎತ್ತಲೇ ಇಲ್ಲ. ಡಾಕ್ಟರಮ್ಮ ಕೊಟ್ಟ ನಕ್ಷೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಮಗುವಿನ ಫೋಟೋ ನೋಡುವವರ ಹಾಗೆ ನೋಡಿದರು. “ಆಹಾ! ನಾನು ಕತ್ತರಿ ಅಂತ ಬೆಳಕಾಗೆ ನೋಡಿದ್ದು ಇಲ್ಲಿ ಬಣ್ಣದಾಗೆ ಬಂದೈತೆ. ಎಂಥಾ ಮಷೀನು! ಗಟ್ಟಿ ಮಾಡಿದ್ರಂತಾ? ಸರಿ. ಹೊಸ ಗೋಡೆಗೆ ನೀರು ಹಾಕಿ ಕ್ಯೂರಿಂಗ್ ಮಾಡಲ್ವಾ, ಹಂಗೆ. ಇನ್ನ ಬೀಳಲ್ಲ.”

“ಪೊಲೀಸ್ ಆಗಲಿಲ್ಲ ನಾನು,” ಅಂದೆ. ಅದನ್ನು ಅವರಿಗೇ ಹೇಳಬೇಕಿತ್ತು.

“ಪೊಲೀಸ್ ಆಗದಿದ್ರೆ ಏನೀಗ, ಕಳ್ಳಿ ಆಗ್ತೀಯಾ?” ಅಂದರು. ನನಗೆ ಸಿಟ್ಟು ಬರಬೇಕಿತ್ತು. ನಗು ಬಂತು. ಬಂದ ನಗು ನಿಲ್ಲದೆ ಅಳುವಾಯಿತು. ಅವರು ಹೊರಗಿನ ಬಸ್ಸು ನೋಡುತ್ತಾ ನಿಂತರು. ಅತ್ತು ಮುಗಿದ ಮೇಲೆ, “ಒರೆಸ್ಕ. ಉಜ್ಜಬ್ಯಾಡ,” ಎಂದು ಕನ್ನಡಕ ಒರೆಸುವ ಬಟ್ಟೆ ಕೊಟ್ಟರು.

ಆಮೇಲಿನ ವರ್ಷಗಳಲ್ಲಿ ನಾನು ಪದವಿ ಕಾಲೇಜಿನಲ್ಲಿ ಪಾಠ ಹೇಳಲು ಸೇರಿದೆ. ಗಟ್ಟಿ ಕಾಂಟ್ಯಾಕ್ಟ್ ಲೆನ್ಸು ಹಾಕಿಕೊಂಡರೆ ಹಿಂದಿನ ಬೆಂಚಿನವರ ಫೋನು ಚೆನ್ನಾಗಿ ಕಾಣುತ್ತದೆ. ಆರು ತಿಂಗಳಿಗೊಮ್ಮೆ ಅವರ ಅಂಗಡಿಗೆ ಹೋಗುವುದು ತಪ್ಪಲಿಲ್ಲ. ಲತಾ ಆಗಲೇ ಅಂಗಡಿ ನೋಡಿಕೊಳ್ಳುತ್ತಿದ್ದಳು. ಗದ್ದ ಇಟ್ಟು ಕೂತರೆ ತಾನೇ ನಂಬರು ಹೇಳುವ ಯಂತ್ರ ಬಂದಿತ್ತು. ತಿಪ್ಪೇರುದ್ರಪ್ಪ ಅದರ ಕಾಗದವನ್ನು ಹರಿದು ಓದಿ, ಸರಿಯಿದೆ ಎಂದು ಒಪ್ಪಿ, ಆದರೂ ಕೈಬೆಳಕು ತೆಗೆದುಕೊಂಡು ಎದುರು ಕೂರುವರು. “ಮಷೀನು ಸುಳ್ಳೇಳಲ್ಲ ಕಣವ್ವ. ಎದುರಿಗೆ ಕುಂತಿರೋರು ಹೇಳ್ತಾರೆ.”

ನಾನು ಅವರನ್ನು ಕೊನೆಯ ಸಲ ಕಂಡದ್ದು ಕಳೆದ ವರ್ಷ. ತೆಳ್ಳಗಾಗಿದ್ದರು, ಏದುಸಿರಿತ್ತು. ಕೈಬೆಳಕು ಹಿಡಿದ ಕೈ ಮಾತ್ರ ಅಲುಗಲಿಲ್ಲ. ಎಡಗಣ್ಣು ನೋಡಿ, “ಅಲ್ಲೇ ಐತೆ. ಒಂದು ಚೂರೂ ಸರಿದಿಲ್ಲ,” ಅಂದರು. ನಾನು ಡಾಕ್ಟರಮ್ಮ ಹೇಳಿದ್ದನ್ನು ಹೇಳಿದೆ: ಪದರ ಇಷ್ಟು ವರ್ಷ ನಿಂತಿದೆ, ಈಗ ಪದರವನ್ನು ಮುಟ್ಟದೆ ಕಣ್ಣಿನೊಳಗೇ ಒಂದು ತೆಳು ಲೆನ್ಸು ಇಡುವ ವಿಧಾನ ಇದೆ, ಬಲಗಣ್ಣಿಗೂ ಎಡಗಣ್ಣಿಗೂ ಪರೀಕ್ಷೆ ಮಾಡಿ ನೋಡೋಣ ಅಂದಿದ್ದಾರೆ. ಅವರ ಮುಖ ಅರಳಿತು. ಫೋನು ತಡಕಿ ಅದರ ವಿಡಿಯೋ ತೋರಿಸಲು ಹೊರಟರು. ಅದೂ ಅವರ ಹತ್ತಿರ ಇತ್ತು.

“ಮಾಡಿಸಲಾ?”

“ಅವರು ಕೇಳಿದ್ದಕ್ಕೆಲ್ಲ ಇದ್ದದ್ದು ಇದ್ದಂಗೆ ಹೇಳ್ತೀಯಾ?”

“ಹೇಳ್ತೀನಿ.”

“ಬಾ, ನೋಡಾಣ.”

ತೋಳು ಹಿಡಿದು ಮೆಟ್ಟಿಲಿಗೆ ಕರೆತಂದರು. ಅಥವಾ ನಾನು ಅವರ ತೋಳು ಹಿಡಿದಿದ್ದೆ. ಹತ್ತೂಕಾಲು. ಹಾರನ್ ಕೇಳಿತು, ಆ ಎಳೆದ ಹಾರನ್ನು ಹೊಸದುರ್ಗದ ಗಾಡಿಯದೇ. ಬಸ್ಸು ತಿರುವಿನಲ್ಲಿ ಮೂತಿ ಹಾಕಿತು. ಬಿಸಿಲು ಗಾಜಿನ ಮೇಲೆ ಬಿದ್ದು ಬೋರ್ಡು ಬರೀ ಹೊಳಪಾಗಿತ್ತು. ಹೆಸರು ನಾಲಿಗೆಯ ತುದಿಗೆ ಬಂದಿತ್ತು.

“ಎಲ್ಲಿಗೆ?” ಎಂದರು.

“ಕಾಣ್ತಿಲ್ಲ ಇನ್ನೂ.”

ಅವರು ನನ್ನ ಕಡೆ ತಿರುಗಿದರು. “ಆತು ಬಿಡು,” ಅಂದರು. “ಕಾಣ್ತಿಲ್ಲ ಅಂದ್ಯಲ್ಲ. ಇನ್ನ ನಿನ್ನ ಕಣ್ಣಿಗೆ ನನ್ನ ಚೀಟಿ ಬ್ಯಾಡ.”

ಎರಡು ತಿಂಗಳಿಗೆ ಅವರು ಹೋದರು. ಅವರ ಕಣ್ಣುಗಳನ್ನು ಅವರೇ ಬರೆದಿಟ್ಟಿದ್ದಂತೆ ದಾನ ಕೊಟ್ಟೆವು ಎಂದು ಲತಾ ಫೋನಿನಲ್ಲಿ ಹೇಳಿದಳು. ಯಾರಿಗೆ ಹೋದವೋ ಆಸ್ಪತ್ರೆಯವರು ಹೇಳುವುದಿಲ್ಲವಂತೆ. ಎಲ್ಲೋ ಯಾರೋ ಈಗ ಅವುಗಳ ಮುಂದಿನ ಪದರದಿಂದ ಬಸ್ಸು ಓದುತ್ತಿರಬಹುದು.

ಮೊನ್ನೆ ಅಂಗಡಿಗೆ ಹೋಗಿದ್ದೆ. ಬೆಂಗಳೂರಿನ ಪರೀಕ್ಷೆಗೆ ಮುನ್ನ ಹಳೆಯ ನಂಬರುಗಳನ್ನೆಲ್ಲ ಬರೆಸಿಕೊಳ್ಳಬೇಕಿತ್ತು. ಲತಾ ಪುಸ್ತಕ ನೋಡಿ ಬರೆಯುತ್ತಿರುವಾಗ ನನ್ನನ್ನು ಬಹಳ ದಿನದಿಂದ ಕಾಡುತ್ತಿದ್ದ ಒಂದು ಅನುಮಾನ ಎದ್ದಿತು. ಅವರಿಗೆ ನಾನು ಆ ಮಾತಂದ ದಿನ ‘ರಿಟೈರಾದೋರ’ ಕಪಾಟು ಅಲ್ಲಿತ್ತೇ? ಇರಲಿಲ್ಲ ಎಂದೇ ನಾನು ಅಂದುಕೊಂಡು ಬಂದಿದ್ದೆ. ಇದ್ದಿದ್ದರೆ ಕನ್ನಡಕ ಮಾರುವವರೆಂಬ ಮಾತು ನನ್ನ ಬಾಯಿಂದ ಹೇಗೆ ಬರುತ್ತಿತ್ತು? ಕಪಾಟು ತೆರೆಸಿ ಚೀಟಿಗಳನ್ನು ತಿರುವಿ ನೋಡಿದೆ. ಆ ದಿನಕ್ಕಿಂತ ಹಿಂದಿನ ವರ್ಷಗಳವು ಹನ್ನೊಂದು ಕನ್ನಡಕಗಳಿದ್ದವು. ನಾನು ಕೂತಿದ್ದ ಎತ್ತರದ ಕುರ್ಚಿಗೆ ನೇರ ಎದುರು. ಅಷ್ಟು ದೊಡ್ಡದು ಕಾಣಲು ನನಗೆ ಯಾವ ಬಿಲ್ಲೆಯೂ ಬೇಕಿರಲಿಲ್ಲ.

ಇದನ್ನು ದಿನಚರಿಯಲ್ಲಿ, ಆ ‘ಆಗಲಿ’ಯ ಪಕ್ಕದ ಅಂಚಿನಲ್ಲಿ, ಬೇರೆ ಶಾಯಿಯಲ್ಲಿ ಬರೆದಿದ್ದೇನೆ.

ಲತಾ ಚೀಟಿ ಮಡಚಿ ಕೊಟ್ಟಳು. ಕೊಟ್ಟವಳು ಕೈ ಬಿಡಲಿಲ್ಲ. “ಬಾರಕ್ಕ, ಒಂದ್ನಿಮಿಷ,” ಎಂದು ಮೆಟ್ಟಿಲಿಗೆ ಕರೆದಳು. ಎದುರಿನ ಹೂವಿನ ಸಾಲಿನವರು ನೋಡಿದರು. ಯಾರೂ ಏನೂ ಕೂಗಲಿಲ್ಲ. ಎಳೆದ ಹಾರನ್ ಕೇಳಿತು. ಯಾವ ಗಾಡಿಯೆಂದು ಇಬ್ಬರಿಗೂ ಗೊತ್ತಿತ್ತು. ಬಸ್ಸು ತಿರುವು ದಾಟಿ, ಬಿಸಿಲು ಗಾಜಿನಿಂದ ಇಳಿದು, ಅಕ್ಷರಗಳು ಒಂದೊಂದಾಗಿ ಬರುವವರೆಗೆ ಇಬ್ಬರೂ ಹೆಸರು ಹೇಳದೆ ನಿಂತೆವು.